ಮಡಿಲಲ್ಲಿ ಕೂತು ಹೋದ ದ್ರಾಕ್ಷಿ

ಎಂಬತ್ತರ ದಶಕದ ಕೊನೆಯ ಮಾತು. ಚಿಂತಾಮಣಿಗೆ ಮದುವೆಯಾಗಿ ಹೋಗಿದ್ದ ನನ್ನ ತಂಗಿ ಚೊಚ್ಚಲ ಬಸುರಿ. ನೀರು ಕುಡಿದರೂ ವಾಂತಿ. ಹೀಗೇ ಆದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಹೆದರಿಸಿದ್ದರು. ಅವಳ ಬಯಕೆ ಒಂದೇ: ಚಿಕ್ಕಬಳ್ಳಾಪುರದ ನಮ್ಮ ತೋಟದ ಕಪ್ಪು ದ್ರಾಕ್ಷಿ.

ಮೊದಲ ಸಲ ಬುಟ್ಟಿ ತುಂಬಿದವರು ಅಪ್ಪ. "ಒತ್ತಿದ್ರೆ ಒಡೆದೋಗ್ತವೆ ಕಣಮ್ಮ, ಆರಾಮಾಗಿರ್ಲಿ" ಎಂದು ಗೊಂಚಲುಗಳನ್ನು ಸಡಿಲವಾಗಿ ಇಟ್ಟರು. ನಾನು ಬುಟ್ಟಿಯನ್ನು ಬಸ್ಸಿನ ಹಿಂದಿನ ಸೀಟಿನಡಿ ತಳ್ಳಿದೆ. ಶಿಡ್ಲಘಟ್ಟ ದಾಟುವ ಹೊತ್ತಿಗೆ ಅದು ಸೋರತೊಡಗಿತ್ತು. ಚಿಂತಾಮಣಿಯಲ್ಲಿ ಬುಟ್ಟಿ ಬಿಚ್ಚಿದಾಗ ಆ ಹುಳಿ ವಾಸನೆಗೇ ತಂಗಿ ಬಚ್ಚಲಿಗೆ ಓಡಿದಳು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಊರಿಗೆ ಬಂದವಳೇ ಅಪ್ಪನ ಮೇಲೂ ರಸ್ತೆಯ ಮೇಲೂ ಕೂಗಾಡಿದೆ.

ಸಿಟ್ಟು ಇಳಿದ ಮೇಲೆ ಹೊಳೆಯಿತು. ತಳದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದ್ದ ಹಣ್ಣುಗಳು ಗಟ್ಟಿಯಾಗಿಯೇ ಇದ್ದವು. ಮೇಲೆ ಕುಣಿದಾಡಿದವು ಮಾತ್ರ ತೊಟ್ಟು ಕಳಚಿ ಒಡೆದಿದ್ದವು. ಮುಂದಿನ ವಾರ ನಾನೇ ಒಣಹುಲ್ಲು ಹಾಸಿ, ಸಂದಿಗೆಲ್ಲ ಕಾಗದ ತುರುಕಿ, ಅಲ್ಲಾಡಲು ಜಾಗವಿಲ್ಲದಂತೆ ತುಂಬಿದೆ. ಅಪ್ಪನದು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. "ಇದೇನಮ್ಮ, ಹಣ್ಣಿಗೆ ಜೈಲಾ?" ಎಂದರು.

ಬಸ್ಸು ಕಿಕ್ಕಿರಿದಿತ್ತು. ಬುಟ್ಟಿ ಇಡಲು ಹಿಂದಿನ ಚಕ್ರದ ಮೇಲಷ್ಟೇ ಜಾಗ. ಬಸ್ಸು ಹೆಚ್ಚು ಕುಲುಕುವುದೇ ಅಲ್ಲಿ. ನನ್ನ ಪೆಚ್ಚುಮೋರೆ ನೋಡಿ, ನಡುವಿನ ಸೀಟಿನಲ್ಲಿದ್ದ ಬುರ್ಖಾ ತೊಟ್ಟ ಹೆಂಗಸೊಬ್ಬರು ಯಾರಿಗೆ ಹಣ್ಣು ಎಂದು ಕೇಳಿದರು. ಹೇಳಿದೆ.

"ಇಲ್ಲಿ ಕೊಡಮ್ಮ. ಮಗೂನ ಹಿಡ್ಕೊಂಡಂಗೆ ಹಿಡ್ಕೊಂತೀನಿ."

ಗುಂಡಿ ಬಂದಾಗಲೆಲ್ಲ ಬುಟ್ಟಿಯನ್ನು ಮಡಿಲಿನಿಂದ ತುಸು ಮೇಲೆತ್ತುತ್ತಿದ್ದರು. ತಾವು ಇಳಿಯಬೇಕಾದ ಶಿಡ್ಲಘಟ್ಟ ಬಂದಾಗ, ನುಗ್ಗಿದವರನ್ನು ತಡೆದು ಆ ಸೀಟಿನಲ್ಲಿ ನನ್ನನ್ನು ಕೂರಿಸಿ, ಬುಟ್ಟಿಯನ್ನು ನನ್ನ ಮಡಿಲಿಗಿಟ್ಟರು. "ಹಿಂಗೇ ಹಿಡ್ಕೊ. ದುವಾ ಮಾಡ್ತೀನಂತ ನಿನ್ ತಂಗಿಗೆ ಹೇಳು" ಎಂದು ಇಳಿದು ಹೋದರು. ಆ ತಾಯಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಚಿಂತಾಮಣಿಯಲ್ಲಿ ಬುಟ್ಟಿ ಬಿಚ್ಚಿದರೆ ಗೊಂಚಲುಗಳು ಈಗ ತಾನೇ ಕೊಯ್ದಂತಿದ್ದವು. ತಂಗಿ ಒಂದು ಹಣ್ಣು ಬಾಯಿಗಿಟ್ಟಳು. ಮತ್ತೊಂದು. ಇನ್ನೇನು ವಾಂತಿಯಾಗುತ್ತದೆಂದು ಅವಳ ಅತ್ತೆ ತಂಬಿಗೆಯಲ್ಲಿ ನೀರು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಬಹಳ ಹೊತ್ತು ನಿಂತರು. ತಂಗಿ ಏಳಲಿಲ್ಲ.

"ಇನ್ನೊಂದು ಗೊಂಚಲು ಕೊಡೇ ಅಕ್ಕ" ಎಂದಳು.

ಅತ್ತೆ ತಂಬಿಗೆ ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.