ಛಟಾಕ್ಯಾನ ಎರಡು ಕಿಲೋ

ಆ ದಿನ ಬೆಳಿಗ್ಗೆ ಪದ್ಮವ್ವ ಅಂಗಡಿಯ ಮೆಟ್ಟಿಲೇರಿ ಬಂದಾಗ ಅವಳ ಸೆರಗಿನೊಳಗೆ ಏನೋ ಮಿಸುಕಾಡುತ್ತಿತ್ತು. ನಾನು ಆಗಷ್ಟೇ ಕಾಟಾಕ್ಕೆ, ಅಂದರೆ ನಮ್ಮ ತೂಕದ ಯಂತ್ರಕ್ಕೆ, ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದೆ.

“ಸಾವ್ಕಾರ್ರ, ಸಣ್ಣ ಕಾಟಾ ಖಾಲಿ ಐತೇನ್ರಿ?”

“ಯಾಕ, ಏನ ತೂಗೂದೈತಿ?”

ಸೆರಗು ಬಿಚ್ಚಿದಳು. ನಾಯಿಮರಿ. ಮಣ್ಣಿನ ಬಣ್ಣ, ತಲೆ ಮಾತ್ರ ದೊಡ್ಡದು, ಉಳಿದದ್ದೆಲ್ಲ ಚರ್ಮ ಮತ್ತು ಎಲುಬು. ನಿಲ್ಲಿಸಿದರೆ ಹಿಂಗಾಲು ಎರಡೂ ಬೇರೆ ಬೇರೆ ಊರಿಗೆ ಹೊರಟವು.

“ಕಾಟಾಕ್ಕ ಈಗ ಪೂಜಿ ಆಗೇತಿ. ಅದರ ಮ್ಯಾಲ ನಾಯಿ ಕೂಡ್ರಸ್ತೀಯೇನ?”

“ಪೂಜಿ ಆಗಿದ್ರ ಚಲೋ ಆತಲ್ರಿ. ಸುಳ್ಳ ಹೇಳಂಗಿಲ್ಲ ಅದು.”

ಇಪ್ಪತ್ತಾರು ವರ್ಷದಿಂದ ಪದ್ಮವ್ವ ಸಾಂಗಲಿ ಮಾರ್ಕೆಟ್ ಯಾರ್ಡಿನ ನಮ್ಮ ಅರಿಷಿಣದ ಅಂಗಡಿಯಲ್ಲಿ ಜರಡಿ ಹಿಡಿಯುತ್ತಿದ್ದಾಳೆ. ರೈತರ ಚೀಲ ಸುರಿದರೆ ಕೊಂಬು ಒಂದು ಕಡೆ, ಗಡ್ಡೆ ಒಂದು ಕಡೆ, ಮಣ್ಣು ಬೇರು ಮತ್ತೊಂದು ಕಡೆ. ಅವಳ ಅಂಗೈಯ ಹಳದಿ ಯಾವ ಸಾಬೂನಿಗೂ ಬಗ್ಗಿದ್ದಿಲ್ಲ. ಊರು ಅಥಣಿ ಕಡೆಯದು. ಮದುವೆಯಾಗಿ ಹಮಾಲ ಸತ್ಯಪ್ಪನ ಹಿಂದೆ ಇಲ್ಲಿಗೆ ಬಂದವಳು ಮೊದಲ ವರ್ಷ ಮರಾಠಿ ಕಲಿತಳು, ಎರಡನೇ ವರ್ಷದಿಂದ ಎರಡೂ ಭಾಷೆಯಲ್ಲಿ ಜಗಳಾಡತೊಡಗಿದಳು. ಕಾಗದದ ಲೆಕ್ಕ ಗೊತ್ತಿಲ್ಲ, ಓದು ಬರಹ ಗೊತ್ತಿಲ್ಲ. ಆದರೆ ಕೈಯಲ್ಲಿ ಎತ್ತಿದ ಚೀಲ ಐವತ್ತಕ್ಕೆ ಅರ್ಧ ಕಿಲೋ ಕಡಿಮೆ ಇದ್ದರೆ ನನ್ನ ಕಾಟಾಕ್ಕಿಂತ ಮೊದಲು ಅವಳೇ ಹೇಳುತ್ತಾಳೆ. ವ್ಯಾಪಾರಿಗೆ ಇದು ಅನುಕೂಲವೂ ಹೌದು, ಕೆಲವೊಮ್ಮೆ ಅನಾನುಕೂಲವೂ ಹೌದು.

ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮರಿಯನ್ನು ಕೂರಿಸಿ, ಬುಟ್ಟಿಯ ತೂಕ ಕಳೆದೆ. ಏಳುನೂರಾ ನಲವತ್ತು ಗ್ರಾಂ.

“ಒಂದೂವರಿ ತಿಂಗಳದ್ದು ಇದು,” ಎಂದಳು. “ಇದರ ಜೋಡಿ ನಾಕು ಇದ್ವು. ಅವ್ವ ಟ್ರಕ್ಕಿಗಿ ಸಿಕ್ತು. ನಾಕೂ ರಕ್ತ ಕಾರಿ ಸತ್ತು. ಇದೊಂದ ಖಾಲಿ ಚೀಲದಾಗ ಹೊಕ್ಕೊಂಡು ಉಳದೈತಿ.”

ಯಾರ್ಡಿನಲ್ಲಿ ಆಗ ಮರಿಗಳಿಗೆ ಪಾರ್ವೊ ಎಂಬ ರಕ್ತಭೇದಿಯ ರೋಗ ಹಬ್ಬಿತ್ತು. ಮುಂಜಾನೆ ಆಡುತ್ತಿದ್ದದ್ದು ಮರುದಿನ ಇರುತ್ತಿರಲಿಲ್ಲ. ನಾನು ಮರಿಯನ್ನು ಮಾಲು ನೋಡಿದ ಹಾಗೆ ತಿರುಗಿಸಿ ನೋಡಿದೆ. “ಎಂಟ ದಿನದ ಗಿರಾಕಿ ಇದು, ಪದ್ಮವ್ವ.”

“ಚೀಲ ಬಿಚ್ಚದ ರೇಟ ಹೇಳಬ್ಯಾಡ್ರಿ. ಮಿರಜ್ ಡಾಕ್ಟರಿಗಿ ಫೋನ್ ಹಚ್ರಿ.”

ದನ-ನಾಯಿಗಳ ಡಾಕ್ಟರ್ ಶ್ರೇಣಿಕ ನನಗೆ ಪರಿಚಯ. ಅವರು ಫೋನಿನಲ್ಲಿ ಎರಡು ಮಾತು ಹೇಳಿದರು. ಒಂದು: ಪಾರ್ವೊ ಬರದಂತೆ ಸೂಜಿ ಹಾಕಬಹುದು, ಆದರೆ ಇಷ್ಟು ಸೊರಗಿದ ಮೈ ಅದನ್ನು ತಾಳುವುದಿಲ್ಲ, ಎರಡು ಕಿಲೋ ಹತ್ತಿರ ಬರಲಿ, ಅಲ್ಲಿಯವರೆಗೆ ಯಾರ್ಡಿನ ನೆಲಕ್ಕೆ ಬಿಡಬೇಡಿ. ಎರಡು: ನಾಳೆಯೇ ತಂದು ತೋರಿಸಿ. ಪದ್ಮವ್ವ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಳು. ನಾನೂ ಎರಡನೆಯದನ್ನು ಒತ್ತಿ ಹೇಳಲಿಲ್ಲ.

“ಎರಡ ಕಿಲೋ ಅಷ್ಟ ಅಲ್ರಿ? ಮಯೂರಿನ್ನ ಬೆಳಸೇನಿ ನಾನು!”

ಮಯೂರಿ ಅವಳ ಮೊಮ್ಮಗಳು. ಹುಟ್ಟಿದಾಗ ಒಂದೂವರೆ ಕಿಲೋ ಇದ್ದ ಕೂಸನ್ನು ಎದೆಗೆ ಕಟ್ಟಿಕೊಂಡೇ ಜರಡಿ ಹಿಡಿದು ಬೆಳೆಸಿದಳು. ಈಗ ಆ ಹುಡುಗಿ ಕಬಡ್ಡಿ ಆಡುತ್ತಾಳೆ, ಎದುರು ತಂಡದವರು ಮುಟ್ಟುವ ಮೊದಲು ಯೋಚಿಸುತ್ತಾರೆ. ಅಂದಮೇಲೆ ತೂಕ ಏರಿಸುವ ವಿದ್ಯೆಯಲ್ಲಿ ಪದ್ಮವ್ವನಿಗೆ ಯಾರೂ ಪಾಠ ಹೇಳುವಂತಿರಲಿಲ್ಲ.

ಮರಿಗೆ ಹೆಸರಿಟ್ಟವನು ನಾನು: ಛಟಾಕ್ಯಾ. ಹಳೆಯ ತೂಕದಲ್ಲಿ ಸೇರಿನ ಹದಿನಾರನೇ ಪಾಲು ಒಂದು ಛಟಾಕು. ಚೇಷ್ಟೆಗೆ ಇಟ್ಟದ್ದು ಯಾರ್ಡಿನ ತುಂಬ ಓಡಾಡಿತು.

ಅಂಗಡಿಯ ಒಳಮೂಲೆಯಲ್ಲಿ ಗೋಣಿಚೀಲದ ಹಾಸಿಗೆಯಾಯಿತು. ಎಮ್ಮೆ ಹಾಲು, ಹಾಲಿನಲ್ಲಿ ಕಿವುಚಿದ ರೊಟ್ಟಿ, ಮೇಲೆ ಬೆಲ್ಲ. ಪದ್ಮವ್ವನ ಅಳತೆ ಒಂದೇ: ಹೊಟ್ಟೆ ಗಡಿಗೆಯಾಗಬೇಕು, ಬೆರಳಿನಿಂದ ಬಡಿದರೆ ಸದ್ದು ಬರಬೇಕು. ಎಂಟನೇ ದಿನ ಕಾಟಾ ಒಂದು ಕಿಲೋ ಅರವತ್ತು ಗ್ರಾಂ ತೋರಿಸಿತು! ಹಮಾಲರು ಸಿಳ್ಳೆ ಹಾಕಿದರು. ನಾನು ಎಲ್ಲರಿಗೂ ಚಹಾ ಹೇಳಿದೆ. ನಾನು ಚಹಾ ಹೇಳಿದ್ದನ್ನು ಯಾರ್ಡು ಮರಿಯ ತೂಕಕ್ಕಿಂತ ಹೆಚ್ಚು ದಿನ ಮಾತಾಡಿಕೊಂಡಿತು.

ನಲವತ್ತು ವರ್ಷ ಅರಿಷಿಣ ಮಾರಿದವನು ನಾನು. ರಾತ್ರೋರಾತ್ರಿ ತೂಕ ಏರಿದ ಚೀಲ ಕಂಡರೆ ಮೊದಲು ಕೈ ಹಾಕಿ ಒಂದು ಕೊಂಬು ಮುರಿಯುತ್ತೇನೆ. ಕಟ್ ಎಂದರೆ ಒಣ ಮಾಲು, ಮೆತ್ತಗೆ ಬಾಗಿದರೆ ನೀರು ಚಿಮುಕಿಸಿದ್ದಾರೆ. ಈ ಕಣ್ಣಿಗೆ ಯಾವ ರೈತನೂ ಹಸಿ ಮಾಲು ದಾಟಿಸಿಲ್ಲ. ಛಟಾಕ್ಯಾ ದಾಟಿಸಿದ. ಕಾಲು ಕಡ್ಡಿ, ಬೆನ್ನು ಗರಗಸ, ಏರಿದ್ದೆಲ್ಲ ಹೊಟ್ಟೆಯೊಂದೇ. ಅದನ್ನು ನೋಡಿಯೂ ನಾನು ಚಹಾ ಕುಡಿಯುತ್ತ ಕುಳಿತೆ.

ಹತ್ತನೇ ದಿನ ಮರಿ ಏಳಲಿಲ್ಲ. ಚೀಲವೆಲ್ಲ ಹೇಲು. ಪದ್ಮವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ರಿಕ್ಷಾ ಕರೆಸಿದೆ. ಮಿರಜಿನಲ್ಲಿ ನನಗೂ ಕೆಲಸವಿದೆ ಎಂದು ಸುಳ್ಳು ಹೇಳಿ ಜೊತೆಗೆ ಕುಳಿತೆ. ವಿಶ್ರಾಮಬಾಗ ದಾಟುವವರೆಗೂ ಅವಳು ಒಂದೇ ಮಾತು ಕೇಳುತ್ತಿದ್ದಳು.

“ಅದ ರೋಗ ಏನ್ರಿ? ಸಾವ್ಕಾರ್ರ, ಅದ ಏನ್ರಿ?”

ಶ್ರೇಣಿಕ ಡಾಕ್ಟರ್ ಹೊಟ್ಟೆ ಒತ್ತಿ ನೋಡಿದರು, ಒಸಡು ನೋಡಿದರು, ಏನೋ ಪರೀಕ್ಷೆ ಮಾಡಿದರು. “ಪಾರ್ವೊ ಅಲ್ಲ. ಹೊಟ್ಟಿ ತುಂಬ ಜಂತ. ಮ್ಯಾಲ ಎಮ್ಮಿ ಹಾಲು, ಬೆಲ್ಲ! ಮಾವಶಿ, ನೀವು ಮರಿ ಸಾಕೀರೋ ಜಂತ ಸಾಕೀರೋ?”

ಪದ್ಮವ್ವನಿಗೆ ಬೈಗುಳವೂ ಸಿಹಿಯಾಗಿ ಕೇಳಿರಬೇಕು. ಪಾರ್ವೊ ಅಲ್ಲ ಎಂಬ ಮಾತಿಗೇ ಕಣ್ಣೊರೆಸಿಕೊಂಡಳು.

ಜಂತಿನ ಔಷಧಿ ಕೊಟ್ಟರು, ನೀರು ಏರಿಸಿದರು. ಆಮೇಲೆ ಪಥ್ಯ. ಒಮ್ಮೆಲೆ ಹೊಟ್ಟೆ ಬಿರಿಯುವಷ್ಟು ಬೇಡ, ಸ್ವಲ್ಪ ಸ್ವಲ್ಪ, ದಿನಕ್ಕೆ ಐದು ಸಲ. ಮೆತ್ತಗೆ ಬೇಯಿಸಿದ ಅನ್ನ, ಉಗುರುಬೆಚ್ಚಗೆ. ತೂಕ ಬೆಳಿಗ್ಗೆ ಬರಿ ಹೊಟ್ಟೆಯಲ್ಲೇ ಹಾಕಬೇಕು. ಅದಾದ ಮೇಲೆ ಡಾಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಅವರು ಜೈನರು, ಬೆಳ್ಳುಳ್ಳಿಯನ್ನೂ ಮುಟ್ಟದ ಮನೆತನ.

“ಮತ್ತ... ಅದರಾಗ ಕುದಿಸಿದ ತತ್ತಿ ಕಿವುಚಿ ಹಾಕ್ರಿ. ಕೋಳಿ ಕುದಿಸಿ ಎಳಿ ಎಳಿ ಬಿಡಿಸಿ ಹಾಕಿದ್ರ ಇನ್ನೂ ಚಲೋ.”

“ಏನಂದ್ರಿ?” ಎಂದಳು ಪದ್ಮವ್ವ.

“ತತ್ತಿ! ಕೋಳಿ!” ಎಂದು ಡಾಕ್ಟರು ಕೂಗಬೇಕಾಯಿತು. ಹೊರಗೆ ಕುಳಿತಿದ್ದ ಅವರ ತಂದೆ ಕನ್ನಡಕ ತೆಗೆದು ಒಳಗೆ ನೋಡಿದರು.

ಸಾಂಗಲಿಗೆ ಬಂದ ಮೇಲೆ ನಿಜವಾದ ಸಂಕಟ ಶುರುವಾಯಿತು. ನಮ್ಮ ಅಂಗಡಿಯಲ್ಲಿ ದೇವರ ಜಗಲಿ ಇದೆ, ಜಗಲಿಯ ಮೇಲೆ ಈಶ್ವರಲಿಂಗ ಇದೆ. ನನ್ನ ಹೆಂಡತಿ ಅನುಸೂಯಾಬಾಯಿ ಮಧ್ಯಾಹ್ನ ಡಬ್ಬಿ ತಂದವಳು ಸುದ್ದಿ ಕೇಳಿ ಹೊಸ್ತಿಲಲ್ಲೇ ನಿಂತಳು.

“ತತ್ತಿ ಈ ಹೊಸ್ತಲಾ ದಾಟಂಗಿಲ್ಲ.”

“ಹಂಗಾದ್ರ ಮರಿನ್ನ ಹೊರಗ ಒಯ್ದು ಉಣಸ್ತೇನಿ, ಅಕ್ಕಾರ.”

“ನೆಲಕ್ಕ ಬಿಡಬ್ಯಾಡ ಅಂದಾರಂತ ಡಾಕ್ಟರು? ಹೊರಗ ಒಯ್ದು ಸಾಯಸ್ತೀಯೇನ?”

ತತ್ತಿ ಒಳಗೆ ಬರುವಂತಿಲ್ಲ, ಮರಿ ಹೊರಗೆ ಹೋಗುವಂತಿಲ್ಲ. ಎರಡೂ ಆಜ್ಞೆ ಒಬ್ಬಳೇ ಹೆಂಗಸಿನ ಬಾಯಿಂದ ಬಂದಿದ್ದವು, ಮೇಲ್ಮನವಿಗೆ ಜಾಗವಿರಲಿಲ್ಲ. ಪದ್ಮವ್ವ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಳು. ಒಳಗೆ ಔಷಧಿಯಿಂದ ಹಗುರಾದ ಮರಿ ಕೂಗುತ್ತಿತ್ತು. ಅಷ್ಟರಲ್ಲಿ ಸತ್ಯಪ್ಪ ಚೀಲ ಹೇರಲು ತನ್ನ ಕೈಗಾಡಿಯನ್ನು ಅಂಗಡಿಗೆ ಒತ್ತಿ ತಂದು ನಿಲ್ಲಿಸಿದ.

ಪದ್ಮವ್ವ ಗಾಡಿಯನ್ನು ನೋಡಿದಳು. ಅನುಸೂಯಾಬಾಯಿಯೂ ನೋಡಿದಳು.

“ಗಾಡಿ ಅಂದ್ರ ಅಂಗಡಿ ಅಲ್ಲ,” ಎಂದಳು ನನ್ನ ಹೆಂಡತಿ ನಿಧಾನಕ್ಕೆ.

“ನೆಲಾನೂ ಅಲ್ರಿ!” ಎಂದಳು ಪದ್ಮವ್ವ.

ಗಾಡಿಯ ಹಲಗೆಯನ್ನು ಡಾಕ್ಟರು ಹೇಳಿದ ಔಷಧಿನೀರಿನಿಂದ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿದರು. ಮರಿ ಅಂಗಡಿಯಿಂದ ಸೆರಗಿನಲ್ಲಿ ಗಾಡಿಗೆ, ಗಾಡಿಯಿಂದ ಸೆರಗಿನಲ್ಲಿ ಅಂಗಡಿಗೆ. ನನ್ನ ಹೆಂಡತಿ ಒಂದು ತಿದ್ದುಪಡಿ ಸೇರಿಸಿದಳು: ಊಟವಾದ ಮೇಲೆ ಬಾಯಿ ಒರೆಸಿ ಒಳಗೆ ತರಬೇಕು. ಪದ್ಮವ್ವ ಒರೆಸಿದಳು. ಯಾರ್ಡಿನಲ್ಲಿ ಉಂಡ ಮೇಲೆ ಬಾಯಿ ಒರೆಸಿಕೊಳ್ಳುವವನು ಛಟಾಕ್ಯಾ ಒಬ್ಬನೇ ಎಂದು ನಾನು ಹೇಳಿದ್ದನ್ನು ಹಮಾಲರು ಒಪ್ಪಲಿಲ್ಲ.

ದಿನಕ್ಕೆ ಐದು ಸಲ ಗಾಡಿ ನಿಂತಿತು. ಸತ್ಯಪ್ಪ ತಲೆಮೇಲೆ ಕೈಯಿಟ್ಟು ಕೂತ. “ನಾಯಿ ಉಣ್ಣಾತೈತಿ ಅಂತ ಗಾಡಿ ನಿಂದರಸೂದ? ಮಂದಿ ನಗತಾರ, ಪದ್ಮಿ!”

“ನೀ ಉಣ್ಣೂಮುಂದನೂ ನಿಂದರ್ತೈತಲ್ಲ. ಆಗ ಯಾರ ನಕ್ಕಾರ?”

ಜಂತು ಬಿದ್ದು ಎಂಟುನೂರಾ ಎಂಬತ್ತಕ್ಕೆ ಇಳಿದಿದ್ದ ತೂಕ ಮೂರು ದಿನ ಅಲ್ಲಾಡಲಿಲ್ಲ. ನಾಲ್ಕನೇ ದಿನ ಒಂಬೈನೂರಾ ಹತ್ತು. ಐದನೇ ದಿನ ಒಂಬೈನೂರಾ ಅರವತ್ತು! ನಾನು ಈ ಸಲ ಚಹಾ ಹೇಳಲಿಲ್ಲ, ಬೆನ್ನು ಮುಟ್ಟಿ ನೋಡಿದೆ. ಗರಗಸದ ಹಲ್ಲುಗಳ ನಡುವೆ ಮಾಂಸ ಬರುತ್ತಿತ್ತು. ಇದು ಒಣ ಮಾಲು.

ಆಮೇಲೆ ತಡೆಯುವವರೇ ಇಲ್ಲ. ಪದ್ಮವ್ವ ಬೆರಳಿನ ಅರಿಷಿಣದಿಂದ ಕಂಬದ ಮೇಲೆ ನೂರು ಗ್ರಾಮಿಗೊಂದು ಗೀಟು ಎಳೆಯತೊಡಗಿದಳು. ಎಂಟು ಗಂಟೆಗೆ ಬರಿಹೊಟ್ಟೆಯ ತೂಕ, ಏಳೂಮುಕ್ಕಾಲಿಗೇ ಜನ. ಹರಾಜಿನ ಸವಾಲು ಕೂಗುವ ಜಯಪಾಲ, ನಾಲ್ಕು ಅಂಗಡಿಗೆ ಕೇಳುವ ಗಂಟಲಿನವನು, ಬುಟ್ಟಿಯ ಮುಂದೆ ನಿಂತು ಮುನ್ನೂರು, ಮುನ್ನೂರಾ ನಲವತ್ತನ್ನು ಮರಾಠಿಯಲ್ಲಿ ಕೂಗುತ್ತಿದ್ದ: “ಒಂದ್ ಕಿಲೋ ತೀನಶೇ! ಒಂದ್ ಕಿಲೋ ತೀನಶೇ ಚಾಳೀಸ್! ಯಾರರ ಮ್ಯಾಲ ಹೋಗ್ತೀರೇನು?” ಸಮಡೋಳಿಯಿಂದ ಅರಿಷಿಣ ತಂದ ರೈತನೊಬ್ಬ ಇದು ಯಾವ ಜಾತಿಯ ಮಾಲೆಂದು ಕುತ್ತಿಗೆ ಚಾಚಿ ನೋಡಿ, ತನ್ನ ಚೀಲಗಳನ್ನು ಮರೆತು ಅಲ್ಲೇ ನಿಂತ. ತತ್ತಿಯ ಡಬ್ಬಿ ಮುಚ್ಚಳ ತೆಗೆದ ಸದ್ದಿಗೆ ಮರಿ ಅಂಗಡಿಯೊಳಗಿನಿಂದಲೇ ಬೊಗಳಲು ಕಲಿಯಿತು. ಬೊಗಳಿದ ರಭಸಕ್ಕೆ ತಾನೇ ಹಿಂದಕ್ಕೆ ಬಿತ್ತು.

ಒಂದು ಕಿಲೋ ಆರುನೂರಿಗೆ ಬಂದಾಗ ಆಚೆ ಸಾಲಿನಲ್ಲಿ ಮತ್ತೆರಡು ಮರಿಗಳು ಪಾರ್ವೊಗೆ ಸತ್ತವು. ಅಂದು ಪದ್ಮವ್ವ ಗೀಟು ಎಳೆಯಲಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಕೈಕಾಲು ಸಾಬೂನಿನಿಂದ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಆರ್ಡರ್ ಮಾಡಿದಳು. ನಾನು ಅಂಗಡಿಯ ಮಾಲಕ, ನಾನೂ ತೊಳೆದೆ.

“ನಾನೂರು ಗ್ರಾಂ ಉಳದೈತ್ರಿ,” ಎಂದಳು. “ನಾನೂರು ಗ್ರಾಂ ಅಂದ್ರ ಎಷ್ಟ? ನನ್ನ ಎರಡ ಬೊಗಸಿ ಅರಿಷಿಣ. ಅಷ್ಟರಾಗ ಬರಬಾರದ ನೋಡ್ರಿ ಅದು.”

ಎಂಟು ದಿನ ಅವಳು ಕೆಲಸಕ್ಕೆ ಒಂದು ಖಾಡಾ, ಅಂದರೆ ರಜೆ, ಮಾಡಲಿಲ್ಲ, ಒಬ್ಬರೊಡನೆಯೂ ಜಗಳಾಡಲಿಲ್ಲ. ಎರಡನೆಯದೇ ನಮಗೆ ಹೆಚ್ಚು ಗಾಬರಿ ತಂದಿತು.

ಒಂಬತ್ತನೆಯ ದಿನ, ಮಂಗಳವಾರ. ಬುಟ್ಟಿ ಇಟ್ಟೆ, ಬುಟ್ಟಿ ಕಳೆದೆ. ಮರಿ ಒಂದು ಕಡೆ ನಿಲ್ಲದು, ಅಂಕಿ ಕುಣಿಯಿತು: ಒಂದು ಕಿಲೋ ಒಂಬೈನೂರಾ ತೊಂಬತ್ತು, ಎರಡು ಕಿಲೋ ಇಪ್ಪತ್ತು, ಮತ್ತೆ ಕೆಳಗೆ. ಪದ್ಮವ್ವ ಮರಿಯ ಮೂಗಿಗೆ ಬೆರಳು ಕೊಟ್ಟಳು. ಅದು ನೆಕ್ಕುತ್ತ ನಿಂತಿತು.

ಎರಡು ಕಿಲೋ ಹತ್ತು ಗ್ರಾಂ.

“ದೋನ್ ಕಿಲೋ ದಹಾ!” ಜಯಪಾಲನ ಕೂಗಿಗೆ ಆಚೆ ಅಂಗಡಿಯ ಸವಾಲು ನಿಂತಿತು. ಸತ್ಯಪ್ಪ ಟೋಪಿ ಎಸೆದ, ಅದು ಅರಿಷಿಣದ ರಾಶಿಯಲ್ಲಿ ಬಿತ್ತು. ಅನುಸೂಯಾಬಾಯಿ ಮನೆಯಿಂದ ಫೋನಿನಲ್ಲೇ, “ನಿಂತೀರ್ಯಾಕ? ರಿಕ್ಷಾ ತರಸ್ರಿ!” ಎಂದು ಗದರಿದಳು.

ಮಿರಜಿನಲ್ಲಿ ಡಾಕ್ಟರು ತಮ್ಮ ಕಾಟಾದ ಮೇಲೆ ಇಟ್ಟರು. ಒಂದು ಕಿಲೋ ಒಂಬೈನೂರಾ ಎಪ್ಪತ್ತು.

ಪದ್ಮವ್ವನ ಮುಖ ಇಳಿಯಿತು, ಮರುಕ್ಷಣ ಏರಿತು. “ನಿಮ್ಮ ಕಾಟಾಕ್ಕ ಪೂಜಿ ಮಾಡೀರಿ?”

“ಮಾವಶಿ, ಇದು ಹೋದ ವಾರ ತಪಾಸ್ ಆಗೇತಿ.”

“ಹಂಗಾದ್ರ ನನ್ನ ಸೀರಿ ತೂಗ್ರಿ! ವಿಶ್ರಾಮಬಾಗದಾಗ ಉಚ್ಚಿ ಹೊಯ್ದಾನ ಇಂವಾ. ನೋಡ್ರಿ ಇಲ್ಲಿ, ಇನ್ನೂ ಹಸಿ ಐತಿ! ನಲವತ್ತ ಗ್ರಾಂ ಎಲ್ಲಿ ಹೋಗೇತಿ ಅಂತ ನಾ ತೋರಸ್ತೇನಿ.”

ಮಾಲು ಸಾಗಿಸುವಾಗ ದಾರಿಯಲ್ಲಿ ಸ್ವಲ್ಪ ತೂಕ ಇಳಿಯುವುದು ವ್ಯಾಪಾರದಲ್ಲಿ ಎಲ್ಲರೂ ಒಪ್ಪಿದ ಮಾತು ಎಂದು ನಾನೂ ವಕಾಲತ್ತು ವಹಿಸಿದೆ. ಡಾಕ್ಟರಿಗೆ ನಗು ತಡೆಯದೆ ಸಿರಿಂಜು ಪಕ್ಕಕ್ಕಿಡಬೇಕಾಯಿತು. ಎರಡು ಕಿಲೋ ಎಂದದ್ದು ಅಂದಾಜಿಗೆ, ಅವರಿಗೆ ಬೇಕಾದದ್ದು ಗಟ್ಟಿಯಾದ ಮೈ. ಪಕ್ಕೆ ಒತ್ತಿದರು, ಒಸಡು ನೋಡಿದರು, ಜ್ವರ ನೋಡಿದರು. “ಪಾಸ್,” ಎಂದರು.

ಐವತ್ತು ಕಿಲೋದ ಚೀಲ ಜಗ್ಗುವ ಹೆಂಗಸು ಆ ಸಣ್ಣ ಸೂಜಿ ನೋಡಿ ಕಣ್ಣು ಮುಚ್ಚಿ ನನ್ನ ತೋಳು ಹಿಡಿದಳು. ಹಳದಿ ಬೆರಳಿನ ಗುರುತು ನನ್ನ ಬಿಳಿ ಅಂಗಿಯ ಮೇಲೆ ಮೂಡಿತು. ಛಟಾಕ್ಯಾ ಒಂದು ಸಲ ಕುಂಯ್ ಎಂದು, ಡಾಕ್ಟರ ಹೆಬ್ಬೆರಳು ಕಚ್ಚಿದ. ಪದ್ಮವ್ವ ಒಂದೇ ಕಣ್ಣು ತೆರೆದು, “ಕಚ್ಚಿದ್ನ? ತಾಕತ್ತು ಬಂದೈತಿ!” ಎಂದಳು.

ಮೂರು ವಾರಕ್ಕೆ ಮತ್ತೊಂದು ಸೂಜಿ, ಅದಾಗಿ ಹದಿನೈದು ದಿನದ ಮೇಲೆ ನೆಲ. ಅಷ್ಟು ಕೇಳಿಕೊಂಡು ಹೊರಬಿದ್ದೆವು. ರಿಕ್ಷಾ ಸಿಗಲಿಲ್ಲ, ಬಸ್ಸು ಹಿಡಿದೆವು. ಆರಗದ ಕಡೆಯಿಂದ ಬಂದ ಒಬ್ಬ ಮುದುಕಿ ಪಕ್ಕದ ಸೀಟಿನಲ್ಲಿ ಕುಳಿತು, ಸೆರಗಿನೊಳಗೆ ಇಣುಕಿ, “ಯವ್ವಾ, ಚಲೋ ದುಂಡಗ ಐತಲ್ಲ, ಎಷ್ಟ ತಿಂಗಳದ್ದು?” ಎಂದಳು. ತಿಂಗಳ ಲೆಕ್ಕ ಯಾರಿಗೆ ಬೇಕಿತ್ತು?

“ಎರಡ ಕಿಲೋ!” ಎಂದಳು ಪದ್ಮವ್ವ.

ಕಂಡಕ್ಟರ್ ಬಂದಾಗ ಅದನ್ನೇ ಮರಾಠಿಯಲ್ಲಿ ಹೇಳಿದಳು, ಅವನೇನೂ ವಿಚಾರಿಸಿರಲಿಲ್ಲ. ಸಾಂಗಲಿ ಬಂದು ಇಳಿಯುವ ಹೊತ್ತಿಗೆ ತೂಕ ಎರಡೂಕಾಲು ಕಿಲೋ ಆಗಿತ್ತು, ಯಾರ್ಡಿನ ಗೇಟಿಗೆ ಎರಡೂವರೆ. ಐವತ್ತು ಕಿಲೋದಲ್ಲಿ ಅರ್ಧ ಕಿಲೋ ತಪ್ಪನ್ನು ಬಿಡದ ಹೆಂಗಸು. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ, ತಿದ್ದಲಿಲ್ಲ. ಗೇಟಿನ ವಾಚಮನ್ ನನ್ನ ಮುಖ ನೋಡಿ ಖರೇ ಏನ್ರಿ ಎಂದು ಕೇಳಿದಾಗ, ಹೌದು ಎಂದು ತಲೆಯಾಡಿಸಿದೆ.