ನೋಯೆಲಿಯ ಗೂಡಿಗೆ ಸುಣ್ಣ

ಊರವರು ಸತ್ತವರ ಗೋರಿಗೆ ಸುಣ್ಣ ಬಳಿಯುವ ಸಂತರ ಹಬ್ಬ ಹತ್ತಿರ ಬಂದಿತ್ತು. ಒವೀಡ್ ಸುಣ್ಣದ ಬಕೆಟ್ಟು, ಕುಂಚ ಹಿಡಿದು ಅಂಗಳಕ್ಕಿಳಿದ. ಹೆಂಡತಿ ಒಡೀಲ್ ಮೆಟ್ಟಿಲ ಮೇಲೆ ಕೂತು ಸಿಗಡಿಯ ತಲೆ ಮುರಿಯುತ್ತಿದ್ದಳು. ಅವಳು ಮುಖ ಎತ್ತಲಿಲ್ಲ.

"ಹೊರಟ್ಯಾ, ಮೊದಲನೇ ಹೆಂಡ್ತಿ ಮನೆಗೆ?"

"ಹಬ್ಬಕ್ಕೆ ಎಲ್ಲರೂ ಬಳೀತಾರೆ ಕಣೇ."

"ಒಂದು ಕೈ ಬಳೀತಾರೆ. ನೀನು ಮೂರು ಕೈ ಬಳೀತೀಯ. ನನ್ನ ಅಡುಗೆಮನೆ ಗೋಡೆ ನೋಡಿದ್ಯಾ? ಬಾಣಲೆ ತಳದ ಹಾಗಾಗಿದೆ."

"ನಾಳೆ ದೋಣಿಯಿಂದ ಬಂದು ಅದಕ್ಕೂ ಬಳೀತೀನಿ."

"ಮಿಕ್ಕಿದ ಸುಣ್ಣ ತಾನೇ? ಮಿಕ್ಕಿದ್ದೆಲ್ಲಾ ನನಗೇ."

ಅವನು ನಕ್ಕ. ಸಂಜೆ ಕೈಯೆಲ್ಲ ಬಿಳಿ ಮಾಡಿಕೊಂಡು ಬಂದ. ಗಂಬೋ ಸಾರು ಎರಡು ಸಲ ಬಡಿಸಿಕೊಂಡ. ಹೇಗಿದೆ ಅಂತ ಅವಳು ಕೇಳಲಿಲ್ಲ. ಮೊದಲನೆಯವಳು ನೋಯೆಲಿ ಮಾಡುತ್ತಿದ್ದ ಗಂಬೋ ಊರಿಗೇ ಹೆಸರುವಾಸಿ ಅಂತ ಮದುವೆಯ ದಿನವೇ ನಾಲ್ಕು ಜನ ಹೇಳಿದ್ದರು.

ಒಡೀಲ್ ಮೇಲುಭಾಗದ ಕಬ್ಬಿನ ಸೀಮೆಯವಳು. ಮನೆಯ ಫ್ರೆಂಚ್ ಮಾತು ಬಾಯಿಗೆ ಬಂತೆಂದು ಟೀಚರು ಕೈಗೆ ಬಾರಿಸಿದ್ದರು. ಅವತ್ತೇ ಶಾಲೆ ಬಿಟ್ಟು ಅಪ್ಪನ ಜೊತೆ ಕಬ್ಬು ಕಡಿಯಲು ಹೋಗಿದ್ದಳು. ಲೂಯಿಸಿಯಾನಾದ ಈ ತುದಿಗೆ ಬಂದದ್ದು ದೊಡ್ಡ ಚಂಡಮಾರುತ ಹೊಡೆದುಹೋದ ಮೇಲೆ, ಹೆಂಡತಿ ಸತ್ತ ಒವೀಡನ ಕೈ ಹಿಡಿದು. ಗಾಳಿ ಅರ್ಧ ಚಾವಣಿ ಹಾರಿಸಿತ್ತು. ನೋಯೆಲಿಯ ಫೋಟೋ ಮಾತ್ರ ಮೊಳೆ ಬಿಟ್ಟು ಕದಲಿರಲಿಲ್ಲ. ಅದರ ಕೆಳಗೇ ಇಷ್ಟು ವರ್ಷ ಅವಳು ಉಂಡದ್ದು.

ಸುಣ್ಣ ಬಳಿದ ಮಾರನೆಯ ದಿನ ಒವೀಡನ ದೋಣಿಯನ್ನು ಇನ್ನೊಂದು ದೋಣಿ ಎಳೆದುಕೊಂಡು ಬಂತು. ಬಲೆ ನೀರಲ್ಲೇ ಇತ್ತು. ಅವನ ಎದೆ ನಿಂತುಹೋಗಿತ್ತು.

ಅಡುಗೆಮನೆಯಲ್ಲಿ ಒವೀಡನ ಅಕ್ಕ ವೆರ್ನಿಸ್ ಕಾಫಿ ಸೋಸುತ್ತ ಮಾತು ತೆಗೆದಳು. "ಗಾರೆಯ ಬಾಬಿನೋಗೆ ಹೇಳಿ ಕಳಿಸಿದೀನಿ. ಗೂಡು ತೆಗೆದು, ನೋಯೆಲಿಯ ಮೂಳೆ ಹಿಂದಕ್ಕೆ ಸರಿಸಿ, ಇವನನ್ನ ಮುಂದೆ ಇಡ್ತಾನೆ."

ಅಲ್ಲಿ ಅದೇ ಪದ್ಧತಿ. ಎರಡು ಗುದ್ದಲಿ ಹಾಕಿದರೆ ನೀರು ಏಳುವ ನೆಲ. ಸತ್ತವರನ್ನು ನೆಲದ ಮೇಲೆ ಇಟ್ಟಿಗೆಯ ಗೂಡು ಕಟ್ಟಿ ಇಡುತ್ತಾರೆ. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಒಂದೇ ಗೂಡು ಸೇರುತ್ತಾರೆ, ಹಳೆಯ ಮೂಳೆ ಹೊಸ ಮೂಳೆ ಬೆರೆಯುತ್ತವೆ.

"ಅವಳ ಜೊತೆ ಬೇಡ ಅತ್ತಿಗೆ. ನಾನು ಬೇರೆ ಗೂಡು ಕಟ್ಟಿಸ್ತೀನಿ."

"ಕಟ್ಟೋ ತನಕ ಇವನನ್ನೇನು ಐಸ್ ಪೆಟ್ಟಿಗೇಲಿ ಸಿಗಡಿ ಜೊತೆ ಇಡ್ತೀಯಾ? ಸತ್ತವಳ ಮೇಲೆ ಎಂಥಾ ಹೊಟ್ಟೆಕಿಚ್ಚೇ ನಿಂದು!"

"ಬದುಕಿದ್ದಿದ್ರೆ ಎರಡು ಮಾತಾಡಿ ಮುಗಿಸ್ತಿದ್ದೆ. ಸತ್ತವಳ ಹತ್ರ ಜಗಳ ಆಡೋಕೂ ಆಗಲ್ಲ."

ಕೊನೆಗೆ ಒಡೀಲ್ ಒಪ್ಪಿದಳು. ಒಂದು ಷರತ್ತು ಹಾಕಿದಳು: ನೋಯೆಲಿಯನ್ನು ಹಿಂದಕ್ಕೆ ತಳ್ಳುವಾಗ ತಾನು ಅಲ್ಲೇ ಇರಬೇಕು, ಕಣ್ಣಾರೆ ನೋಡಬೇಕು.

ಗಾರೆ ಕೆಲಸದ ಬಾಬಿನೋ ಮುದುಕ. ಹೆಸರಿನ ಕಲ್ಲು ಬಿಚ್ಚಿಟ್ಟು, ಹಿಂದಿನ ಇಟ್ಟಿಗೆಗೆ ಉಳಿ ಇಡಲು ಮೀನಮೇಷ ಎಣಿಸಿದ. "ನೀನು ಮನೆಗೆ ಹೋಗಮ್ಮ," ಅಂದ. ಅವಳು ಕದಲಲಿಲ್ಲ. ಇಟ್ಟಿಗೆ ಒಂದೊಂದೇ ಹೊರಬಂತು. ಒಡೀಲ್ ಬಗ್ಗಿ ನೋಡಿದಳು. ಶವಪೆಟ್ಟಿಗೆ ಇರಲಿಲ್ಲ. ಮೂಳೆ ಇರಲಿಲ್ಲ. ತಳದಲ್ಲಿ ಒಣಗಿದ ಕೆಸರು, ನಾಲ್ಕು ಕಪ್ಪೆಚಿಪ್ಪು.

ವೆರ್ನಿಸ್ ಶಿಲುಬೆಯ ಗುರುತು ಹಾಕಿಕೊಂಡಳು. "ಎಲ್ಲೋ ಅವಳು?"

"ಆ ಚಂಡಮಾರುತದಲ್ಲಿ ಗೂಡು ಒಡೆದು ಪೆಟ್ಟಿಗೆ ತೇಲಿಹೋಯ್ತು," ಬಾಬಿನೋ ನೆಲ ನೋಡುತ್ತ ಹೇಳಿದ. "ಎಷ್ಟೋ ಜನರದ್ದು ಹೋಯ್ತು. ಕೆಲವು ಸಿಕ್ಕವು, ಅವಳದ್ದು ಸಿಗಲಿಲ್ಲ. ಸಿಕ್ಕಿತು ಅಂತ ಊರಿಗೆ ಹೇಳಿ ನಾವಿಬ್ಬರೇ ಮುಚ್ಚಿದ್ವಿ. ಯಾರಿಗೂ ಬಾಯಿ ಬಿಡಬೇಡ ಅಂದಿದ್ದ ಒವೀಡ್. ಆಮೇಲೂ ಹುಡುಕೋದು ಬಿಡಲಿಲ್ಲ. ದೋಣಿ ತಗೊಂಡು ಹೋದಾಗೆಲ್ಲ ಜೊಂಡಿನೊಳಗೆ ಇಣುಕೋನು."

ಒಡೀಲ್ ಇಟ್ಟಿಗೆಯ ರಾಶಿಯ ಮೇಲೆ ಕೂತಳು. ಬೇರೆ ದೋಣಿಗಳು ಮಧ್ಯಾಹ್ನಕ್ಕೇ ದಡಕ್ಕೆ ಬರುತ್ತಿದ್ದವು. ಒವೀಡನದು ಸಂಜೆಗೆ. ಹೊರದೇಶದ ಸಿಗಡಿ ಬಂದು ಬೆಲೆ ಬಿದ್ದಿದೆ, ಅದಕ್ಕೇ ಪಾಪ ಹೆಚ್ಚು ಹೊತ್ತು ದುಡಿಯುತ್ತಾನೆ ಅಂದುಕೊಂಡು ಅವಳು ಸಾರು ಬಿಸಿ ಮಾಡಿಟ್ಟು ಕಾದಿದ್ದಳು. ವರ್ಷಾವರ್ಷ ಸಮುದ್ರ ನುಂಗುತ್ತಿದ್ದ ಆ ಜೌಗಿನಲ್ಲಿ ಅವನು ಇನ್ನೊಬ್ಬಳನ್ನು ಹುಡುಕುತ್ತಿದ್ದ.

ಅವಳ ಹೊಟ್ಟೆ ಉರಿಯಿತು. ಹಿಂದೆಂದೂ ಅಷ್ಟು ಉರಿದಿರಲಿಲ್ಲ. ಮೂಳೆ ಇದ್ದಿದ್ದರೆ ಹಿಂದಕ್ಕೆ ತಳ್ಳಬಹುದಿತ್ತು. ಇಲ್ಲದವಳನ್ನು ಎಲ್ಲಿಗೆ ತಳ್ಳುವುದು? ಖಾಲಿ ಗೂಡಿಗೆ ಮೂರು ಕೈ ಸುಣ್ಣ! ಕಣ್ಣೆದುರು ಬದುಕಿದ್ದ ತನಗೆ ಮಸಿ ಗೋಡೆ.

ಒವೀಡನನ್ನು ಒಳಗಿಟ್ಟರು. ಒಡೀಲ್ ಅಳಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಎಷ್ಟು ಜಾಗ ಉಳಿದಿದೆ ಅಂತ ನೋಡಿದಳು. ತನಗೆ ಸಾಕಾಗುವಷ್ಟಿತ್ತು.

ಬಾಬಿನೋ ಕಲ್ಲು ಎತ್ತಿಕೊಂಡ. "ಇವನ ಹೆಸರು ಕೆಳಗೆ ಕೆತ್ತುತ್ತೀನಿ. ಅವಳದ್ದನ್ನ ಅಳಿಸಿಬಿಡ್ಲಾ? ಹೇಗೂ ಒಳಗಿಲ್ಲ."

ವೆರ್ನಿಸ್ ಒಡೀಲಳ ಮುಖ ನೋಡಿದಳು. ಒಡೀಲ್ ಕಲ್ಲಿನ ಮೇಲೆ ಕೈಯಿಟ್ಟು ತಡೆದಳು.

"ಬೇಡ. ಅಳಿಸಿದ್ರೆ ಇವನು ಮತ್ತೆ ಹುಡುಕ್ಕೊಂಡು ಹೋಗ್ತಾನೆ. ಅವಳು ಇಲ್ಲೇ ಇದಾಳೆ ಅಂತ ಸುಮ್ಮನೆ ಬಿದ್ದಿರಲಿ."

ಆ ಜೌಗಿನ ಹವೆಗೆ ಕಲ್ಲಿನ ಮೇಲೆ ಪಾಚಿ ಬೇಗ ಹಿಡಿಯುತ್ತದೆ. ಈಗ ಒಡೀಲ್ ದಿನಾ ಬೆಳಿಗ್ಗೆ ಕಾಫಿ ಕುಡಿದು, ವಿನೆಗರ್ ಬೆರೆಸಿದ ನೀರು, ನಾರಿನ ಬ್ರಷ್ಷು ತೆಗೆದುಕೊಂಡು ಹೋಗುತ್ತಾಳೆ. ಮೊಸಳೆ ನೋಡಲು ಬಂದವರು ಪ್ರವಾಸಿ ದೋಣಿಯಿಂದ ಅವಳ ಫೋಟೋ ಹೊಡೆಯುತ್ತಾರೆ. ಅವಳು ತಿರುಗಿ ನೋಡುವುದಿಲ್ಲ.

"ಮೇಲಿನ ಹೆಸರಿಗೂ ಒಂದು ಕೈ ಎಳೆಯಬಾರದಾ?" ಅಂತ ವೆರ್ನಿಸ್ ಒಮ್ಮೆ ಕೇಳಿದ್ದಳು.

"ಅದನ್ನ ಅವಳ ಗಂಡ ಉಜ್ಜಲಿ," ಅಂದಿದ್ದಳು ಒಡೀಲ್.

ಮೇಲಿನ ಹೆಸರು ಹಸಿರಾಗಿ ಅರ್ಧ ಮುಚ್ಚಿದೆ. ಅವಳು ಮಂಡಿಯೂರಿ ಕೆಳಗಿನ ಹೆಸರಿನ ಒಂದೊಂದೇ ಅಕ್ಷರದ ಒಳಗೆ ಬ್ರಷ್ಷು ತೂರಿಸಿ, ಬಿಳಿ ಕಾಣುವ ತನಕ ಉಜ್ಜುತ್ತಾಳೆ.