ಎರಡು ಇಂಜಿನಿನ ಸಂಸಾರ

ನಿನ್ನೆ ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣಿನ ಗುಡ್ಡೆಯ ಮುಂದೆ ನಿಂತಿದ್ದೆ. ಆಯುಧಪೂಜೆಯ ಹಿಂದಿನ ದಿನ ಅಲ್ಲಿ ನಿಂಬೆಹಣ್ಣನ್ನು ಯಾರೂ ಡಜನ್ ಲೆಕ್ಕದಲ್ಲಿ ಕೇಳುವುದಿಲ್ಲ, ಚಕ್ರದ ಲೆಕ್ಕದಲ್ಲಿ ಕೇಳುತ್ತಾರೆ. ನಿಮಗೂ ಗೊತ್ತಿರುವುದೇ. ಚಕ್ರಕ್ಕೊಂದು ಹಣ್ಣು ಇಟ್ಟು, ಅದರ ಮೇಲೆ ಗಾಡಿ ಹತ್ತಿಸಿದರೆ ವರ್ಷದ ಕಂಟಕ ಕಳೆಯಿತು.

"ಅಕ್ಕ, ಎಷ್ಟು ಗಾಡಿ?" ಎಂದಳು ಮಾರುವ ಹೆಂಗಸು.

"ಒಂದು ಕಾರು, ಒಂದು ಸ್ಕೂಟರು. ಆಮೇಲೆ ಇನ್ನೊಂದಕ್ಕೆ ಮೂರು."

"ಮೂರಾ? ಆಟೋನೂ ಇಟ್ಟಿದ್ದೀರಾ?"

"ಹೂಂ, ಅಂಥದ್ದೇ ಅನ್ಕೋ."

ಒಂಬತ್ತು ಹಣ್ಣು ಆರಿಸಿ ಕೊಡುತ್ತಾ, "ದಿನಕ್ಕೆ ಎಷ್ಟು ಉಳಿಯತ್ತೆ ಆಟೋದಲ್ಲಿ?" ಎಂದು ಬೇರೆ ಕೇಳಿದಳು. ನಗು ಬಂತು. ಉಳಿಯುವ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ನಮ್ಮ ಆಟೋಗೆ ಆರು ಸೀಟು, ಎರಡು ರೆಕ್ಕೆ, ಎರಡು ಇಂಜಿನು.

ನಮ್ಮ ಮನೆಯವರಿಗೆ ಸಾರಕ್ಕಿಯಲ್ಲಿ ಸ್ಪ್ರಿಂಗ್ ತಯಾರಿಸುವ ಸಣ್ಣ ಕಾರ್ಖಾನೆ. ಹರೆಯದಲ್ಲಿ ವಿಮಾನ ಓಡಿಸಲು ಕಲಿತು ಲೈಸೆನ್ಸು ಪಡೆದಿದ್ದರು. ನನ್ನನ್ನು ಮದುವೆಯಾದಾಗ ಅದನ್ನು ಟ್ರಂಕಿನಲ್ಲಿ ಇಟ್ಟರು. ಅಲ್ಲೇ ಇರುತ್ತದೆ ಎಂದು ನಾನು ನಂಬಿದ್ದೆ. ಮಗಳ ಮದುವೆ ಆದ ವರ್ಷವೇ ಟ್ರಂಕು ತೆಗೆದರು. ಯಾವುದೋ ಕಂಪನಿ ಬಾಗಿಲು ಮುಚ್ಚುವಾಗ ಅವರ ಹಳೇ ವಿಮಾನ ಮಾರಾಟಕ್ಕೆ ಬಂದಿತ್ತು. ಹೊಸಕೆರೆಹಳ್ಳಿಯಲ್ಲಿ ಕೆರೆ ಕಾಣುವ ಹಾಗೆ ನಮಗೊಂದು ಸೈಟಿತ್ತು. ಇತ್ತು ಎಂದೆನಲ್ಲ, ಅಲ್ಲಿಗೆ ನಿಮಗೆ ಅರ್ಥವಾಯಿತು.

"ಒಂದೇ ಇಂಜಿನ್ನಿಂದು ಸಿಗಲಿಲ್ವೇನ್ರೀ?" ಎಂದು ಕೇಳಿದ್ದೆ.

"ಸಿಗತ್ತೆ ಕಣೇ. ಆದ್ರೆ ಮೇಲೆ ಹೋದಾಗ ಒಂದು ನಿಂತುಹೋದ್ರೆ ಇನ್ನೊಂದು ಇರಬೇಕಲ್ಲ" ಎಂದರು. ಮಾತು ಸರಿಯೇ. ಮೊದಲನೆಯದು ನಿಲ್ಲದೇ ಇದ್ದಾಗಲೂ ಆ ಇನ್ನೊಂದಕ್ಕೆ ತಿನ್ನಿಸಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ.

ಈ ಪ್ರಾಣಿಗೆ ಎಲ್ಲವೂ ಜೋಡಿ. ಒಂದು ಇಂಜಿನಿಗೆ ಹನ್ನೆರಡು ಪ್ಲಗ್ಗು ಬಂದರೆ ಇನ್ನೊಂದಕ್ಕೂ ಹನ್ನೆರಡು. ಎಡಗಡೆಯದಕ್ಕೆ ಕೆಮ್ಮು ಬಂದರೆ ಬಲಗಡೆಯದನ್ನೂ ಬಿಚ್ಚಿ ನೋಡುವುದು. ಕುಡಿಯುವ ಪೆಟ್ರೋಲು ಬಂಕಿನಲ್ಲಿ ಸಿಗುವಂಥದ್ದಲ್ಲ, ಹಾರುವುದಕ್ಕೆಂದೇ ಮಾಡಿದ್ದು. ಶೆಡ್ಡಿನ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ಮೈಯೆಲ್ಲ ಬಿಚ್ಚಿಸುವ ತಪಾಸಣೆ. ಹಾರಿದರೂ ಖರ್ಚು, ಹಾರದಿದ್ದರೂ ಖರ್ಚು, ಏಕೆಂದರೆ ಇಂಜಿನಿಗೆ ನಿಂತಲ್ಲೇ ವಯಸ್ಸಾಗುತ್ತದಂತೆ. ಆನೆ ಸಾಕಿದ ಹಾಗೆ ಎನ್ನುತ್ತಾರಲ್ಲ, ಆನೆಯಾದರೂ ಸೊಪ್ಪು ತಿನ್ನುತ್ತದೆ. ನಾನು ಬದನೆಕಾಯಿಗೆ ಐದು ರೂಪಾಯಿ ಕಮ್ಮಿ ಮಾಡಿಸಲು ಮಾರ್ಕೆಟ್ಟು ಮೂರು ಸುತ್ತು ಬರುತ್ತಿದ್ದೆ. ಇವರು ಒಂದು ಮೊಳ ರಬ್ಬರ್ ಪೈಪಿಗೆ ಡಾಲರಿನಲ್ಲಿ ದುಡ್ಡು ಕಳಿಸುತ್ತಿದ್ದರು. ಎದುರುಮನೆಯವರು ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟರು. ನಮ್ಮ ಮನೆಯ ಮೇಲೆ ಇವತ್ತಿಗೂ ನೀರಿನ ಟ್ಯಾಂಕು ಮಾತ್ರ ಇದೆ.

ಇನ್ನೊಂದು ತಮಾಷೆ. ವಿಮಾನ ಇರುವುದು ಊರಿನ ಉತ್ತರದ ತುದಿಯಲ್ಲಿ, ನಾವು ಇರುವುದು ದಕ್ಷಿಣದಲ್ಲಿ. ಇವರು ಮೈಸೂರಿಗೆ ಅರ್ಧ ಗಂಟೆಯಲ್ಲಿ ಹಾರಿಬಿಡುತ್ತಾರೆ, ಆದರೆ ಜಯನಗರದಿಂದ ವಿಮಾನದ ಹತ್ತಿರ ಹೋಗುವುದಕ್ಕೆ ಎರಡು ಗಂಟೆ ಬೇಕು. ಅಷ್ಟರಲ್ಲಿ ಬಸ್ಸಿನಲ್ಲಿ ಹೋದವರು ಮದ್ದೂರು ವಡೆ ತಿಂದು ಕೈ ತೊಳೆದಿರುತ್ತಾರೆ.

ಇಷ್ಟೆಲ್ಲ ಗೊಣಗಿದರೂ, ಮೊದಲ ಸಲ ಇವರ ಪಕ್ಕದ ಸೀಟಿನಲ್ಲಿ ಕೂತು ಮೇಲೆ ಹೋದಾಗ ನನಗಾದ ಹೆಮ್ಮೆಯನ್ನು ಮುಚ್ಚಿಡಲಾರೆ. ಸ್ಪ್ರಿಂಗ್ ಸುತ್ತಿ ಸುತ್ತಿ ಒರಟಾದ ಆ ಕೈ ಎರಡು ಇಂಜಿನನ್ನು ಒಟ್ಟಿಗೆ ಹಿಡಿದಿತ್ತು. ಮನೆಯಲ್ಲಿ ಕನ್ನಡಕ ಎಲ್ಲಿಟ್ಟೆ ಎಂದು ದಿನಕ್ಕೆ ನಾಲ್ಕು ಸಲ ಕೇಳುವ ಮನುಷ್ಯ ಇವರೇನಾ ಅನ್ನಿಸಿತು. ಕೆಳಗಿಳಿದ ಮೇಲೆ ಹದಿನೈದು ದಿನ ನಾನು ಯಾರ ಜೊತೆ ಮಾತಾಡಿದರೂ ಮಾತು ಹೇಗೋ ಸುತ್ತಿ ಬಳಸಿ ಆಕಾಶಕ್ಕೇ ಬರುತ್ತಿತ್ತು.

ವಿಮಾನವನ್ನು ನೋಡಿಕೊಳ್ಳುತ್ತಿದ್ದವರು ಆನಂದರಾಜು. ವಿಲ್ಸನ್ ಗಾರ್ಡನ್ನಿನವರು. ಹಾರುವ ಮುಂಚೆ ಪ್ರತಿಯೊಂದು ಭಾಗವನ್ನೂ ಮುಟ್ಟಿ ನೋಡಿ, ಪುಸ್ತಕದಲ್ಲಿ 'ಸರಿಯಿದೆ' ಎಂದು ಸಹಿ ಹಾಕಬೇಕಾದ ಮೆಕ್ಯಾನಿಕ್ಕು. ಅವರ ಸಹಿ ಇಲ್ಲದೆ ಇವರು ಸೀಟಿನಲ್ಲಿ ಕೂರುತ್ತಲೂ ಇರಲಿಲ್ಲ. ಮೊದಲ ಆಯುಧಪೂಜೆಗೆ ನಾನು ಹೂವು, ಬೂದುಗುಂಬಳಕಾಯಿ, ಗಂಧದ ಬಟ್ಟಲು ಎಲ್ಲ ಹೊತ್ತು ಹೋದಾಗ ನಗುತ್ತಾ ಪಕ್ಕಕ್ಕೆ ಸರಿದು ನಿಂತರು.

"ನಾವು ಬುದ್ಧನ ಕಡೆಯವರು ಮೇಡಂ. ನೀವು ಮಾಡ್ಕೊಳ್ಳಿ. ಕಡ್ಲೆಪುರಿ ಮಾತ್ರ ನಂಗೂ ಒಂದು ಪೊಟ್ಟಣ ಎತ್ತಿಡಿ."

ಕುಂಬಳಕಾಯಿಯನ್ನು ಗೇಟಿನ ಆಚೆ ಒಡೆಯಬೇಕು, ವಿಮಾನದ ಹತ್ತಿರ ಒಂದು ಬೀಜವೂ ಬೀಳಬಾರದು ಎಂದು ಅವರೇ ಹೇಳಿಕೊಟ್ಟರು. ಎರಡು ವರ್ಷ ಹಾಗೇ ನಡೆಯಿತು. ಮೂರನೆಯ ವರ್ಷದ ಪೂಜೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಆನಂದರಾಜು ಎಲ್ಲ ನೋಡಿ ಸಹಿ ಹಾಕಿದರು. ನಾನು ಪೂಜೆಗೆ ಶುರುಮಾಡಿದೆ. ನನ್ನದೊಂದು ಕೆಟ್ಟ ಚಾಳಿ, ಯಾವುದೇ ಕೆಲಸ ಹಿಡಿದರೂ ಒಂದು ಮೂಲೆ ಬಿಡದೆ ಮಾಡುವುದು. ಬಾಗಿಲಿಗೆ ಬೊಟ್ಟು, ಎರಡೂ ಇಂಜಿನಿಗೆ ಬೊಟ್ಟು, ಚಕ್ರಕ್ಕೆ, ಬಾಲಕ್ಕೆ. ಎಡಗಡೆಯ ರೆಕ್ಕೆಯ ಕೆಳಗೆ ಬೆರಳುದ್ದದ ಒಂದು ಕೊಳವೆ ಮುಂದಕ್ಕೆ ಚಾಚಿಕೊಂಡಿತ್ತು. ಪಾಪ, ಇದೊಂದು ಬೋಳಾಗಿ ಉಳಿಯಿತಲ್ಲ ಎಂದು ಅದರ ತುದಿಗೂ ಗಂಧ ಅರಿಶಿನ ಕಲಸಿದ್ದನ್ನು ಗಟ್ಟಿಯಾಗಿ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ಗಾಳಿಗೆ ಹಾರಿಹೋಗದಿರಲಿ ಎಂದು ಹೆಬ್ಬೆರಳಿನಲ್ಲಿ ಒತ್ತಿಯೂ ಬಿಟ್ಟೆ. ಇವರು ಗೇಟಿನ ಆಚೆ ಕುಂಬಳಕಾಯಿ ಒಡೆಯುತ್ತಿದ್ದರು. ಆನಂದರಾಜು ದೂರದ ಬೆಂಚಿನಲ್ಲಿ ಕಡ್ಲೆಪುರಿ ತಿನ್ನುತ್ತಿದ್ದರು.

ಪೂಜೆಯಾದ ಮೇಲೆ ಗಾಡಿ ಒಂದು ಸುತ್ತು ಹೋಗಲೇಬೇಕಲ್ಲ. ಮೂರು ನಿಂಬೆಹಣ್ಣು ಪಚಕ್ಕೆಂದವು. ರನ್‌ವೇ ಮೇಲೆ ಓಡುತ್ತಾ ಇವರು "ಮುಳ್ಳು ಏಳ್ತಿಲ್ಲ" ಎಂದರು. ನನಗೇನೂ ತಿಳಿಯಲಿಲ್ಲ. ಮರುಕ್ಷಣ ಎರಡೂ ಇಂಜಿನಿನ ಸದ್ದು ಸತ್ತು, ಬ್ರೇಕು ಕಿರುಚಿ, ಒಂದು ಟೈರು ಸಿಡಿದು, ರನ್‌ವೇ ಮುಗಿಯುವುದಕ್ಕೆ ಸ್ವಲ್ಪ ಮೊದಲು ನಿಂತೆವು. ನನ್ನ ಮಡಿಲಿನ ಕಡ್ಲೆಪುರಿಯೆಲ್ಲ ಕಾಲಡಿಯಲ್ಲಿತ್ತು. ಆ ಕೊಳವೆಯ ಬಾಯಿಗೆ ಗಾಳಿ ನುಗ್ಗಿದರೇ ವೇಗ ತೋರಿಸುವ ಮುಳ್ಳು ಏಳುವುದು ಎಂದು ನನಗೆ ಗೊತ್ತಾದದ್ದು ಆಮೇಲೆ.

ಹಬ್ಬದ ರಜೆ ಕಳೆದು ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಕೊಳವೆಯಿಂದ ತಂತಿಯಲ್ಲಿ ಕೆದಕಿ ತೆಗೆದದ್ದು ಒಂದು ಚೂರು ಕೆಮ್ಮಣ್ಣಿನಂಥ ಗಟ್ಟಿ. ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು ಎಂದು ಅವರು ಬರೆದುಕೊಂಡರು. ಹುಳು ಇಂಥ ಕೊಳವೆಯಲ್ಲಿ ಗೂಡು ಕಟ್ಟುವುದು ಮಾಮೂಲಂತೆ. ಹಾಗಾದರೆ ಬೆಳಿಗ್ಗೆ ನೋಡಿದವರು ಸರಿಯಾಗಿ ನೋಡಿಲ್ಲ, ಸಹಿ ಸುಳ್ಳು. ಆನಂದರಾಜು ಅವರ ಕೆಲಸದ ಪರವಾನಗಿಯನ್ನು ಏಕೆ ರದ್ದು ಮಾಡಬಾರದು ಎಂದು ಕಾಗದ ಬಂತು. ಅವರು "ನೋಡಿದ್ದೆ ಸಾರ್, ನೋಡಿದ್ದೆ" ಎಂದಷ್ಟೇ ಹೇಳುತ್ತಿದ್ದರು.

ನಮ್ಮನ್ನು ವಿಚಾರಣೆಗೆ ಕರೆದ ದಿನ ಆ ಚೂರು ಅಧಿಕಾರಿಯ ಮೇಜಿನ ಮೇಲಿತ್ತು. ನಾನು ಬಗ್ಗಿ ಮೂಸಿದೆ. ನಮ್ಮ ದೇವರಮನೆಯ ಗಂಧ. ಆದರೆ ಅಲ್ಲಿ ನಾನು ಬಾಯಿ ಬಿಡಲಿಲ್ಲ. ಈ ಮಾತನ್ನು ಬರೆಯುವುದಕ್ಕೆ ಈಗಲೂ ಕಷ್ಟವಾಗುತ್ತದೆ. ಅರ್ಧ ನಾಚಿಕೆ, ಅರ್ಧ ಭಯ. ಹೇಳಿದರೆ ಇವರ ಲೈಸೆನ್ಸಿಗೆ ಕುತ್ತು, ಏಕೆಂದರೆ ಹೊರಡುವ ಮುಂಚೆ ಕೊನೆಯ ಸುತ್ತು ನೋಡಬೇಕಾದವರು ಓಡಿಸುವವರೇ.

ಕಾರು ಲಾಲ್‌ಬಾಗ್ ದಾಟುವಾಗ ತಡೆಯಲಾಗಲಿಲ್ಲ. "ರೀ, ಅದು ಹುಳದ ಗೂಡಲ್ಲ. ಗಂಧ. ನಾನೇ ಒತ್ತಿದ್ದು."

ಇವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ.

"ಹಚ್ಚಿದ್ದು ನೀನು, ನೋಡದೆ ಹೊರಟಿದ್ದು ನಾನು" ಎಂದರು. "ಅವರು ಮಾತ್ರ ಏನೂ ಮಾಡಿಲ್ಲ. ಮನೆಗೆ ಹೋಗಿ ಬರಿ. ನಾನೂ ಸಹಿ ಹಾಕ್ತೀನಿ."

ಊಟಕ್ಕೆ ಮುಂಚೆ ಬರೆದೆ. ಯಾವ ಬಟ್ಟಲು, ಯಾವ ಬೆರಳು, ಎಷ್ಟು ಹೊತ್ತಿಗೆ ಎಲ್ಲವನ್ನೂ. ಇವರು ಅದರ ಇಂಗ್ಲಿಷು ಮಾಡಿ ಕೆಳಗೆ ಸಹಿ ಹಾಕಿ ಅಧಿಕಾರಿಗೆ ಕಳಿಸಿದರು. ಇವರ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಹಾರದ ಆರು ತಿಂಗಳಿಗೂ ಬಾಡಿಗೆ, ವಿಮೆ ಎಲ್ಲ ಕಟ್ಟಿದೆವು. ನೆಂಟರ ಮದುವೆಗಳಲ್ಲಿ ನಾನು 'ವಿಮಾನದ ಮೂಗಿಗೆ ಬೊಟ್ಟಿಟ್ಟವಳು' ಆದೆ. ಇರಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ನಿಜವೇ, ಆದರೆ ಇನ್ನೊಬ್ಬರ ಮಾನ ನಮ್ಮಿಂದ ಹೋಗುವುದನ್ನು ತಡೆಯಲು ಒಂದು ಕಾಗದ ಸಾಕಾಯಿತು.

ಆನಂದರಾಜು ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದರು. ಲೋಟ ಕೆಳಗಿಟ್ಟು ಹೇಳಿದರು: "ಮೂವತ್ತು ವರ್ಷದಿಂದ ಸಹಿ ಹಾಕ್ತಿದ್ದೀನಿ ಮೇಡಂ. ಮಗಳು ಕೇಳಿದ್ಲು, ಅಪ್ಪ ನಿಜವಾಗ್ಲೂ ನೋಡಿದ್ರಾ ಅಂತ. ನೋಡ್ದೆ ಅಂದೆ. ಆದ್ರೆ ಆಮೇಲೆ ನಂಗೇ ಡೌಟು ಬಂದುಬಿಡ್ತು. ನಿಮ್ ಕಾಗದ ಬಂದ್ಮೇಲೆ ನಿದ್ದೆ ಬಂತು."

ಇದಾಗಿ ಹಲವು ವರ್ಷವಾಯಿತು. ಆನಂದರಾಜು ನಿವೃತ್ತರಾದರು. ಈಗ ಎರಡೂ ಇಂಜಿನು ಪೂರ್ತಿ ಬಿಚ್ಚಿ ಕಟ್ಟುವ ಕಾಲ ಒಟ್ಟಿಗೇ ಬಂದಿದೆ. ಆ ಖರ್ಚು ವಿಮಾನದ ಬೆಲೆಯನ್ನೇ ಮೀರುತ್ತದೆ. ಮಾರಿಬಿಡೋಣ ಎಂದು ಕಣ್ಣೊರೆಸಿಕೊಂಡೇ ತೀರ್ಮಾನ ಮಾಡಿದ್ದೆವು. ನಿನ್ನೆ ಮಾರ್ಕೆಟ್ಟಿನಿಂದ ಮನೆಗೆ ಬಂದರೆ ನಡುಮನೆಯಲ್ಲಿ ದಲ್ಲಾಳಿ ಕೂತಿದ್ದ. ಮುಂದೆ ವಿಮಾನದ ಫೈಲು ಹರಡಿತ್ತು.

"ಎಲ್ಲಾ ಸೂಪರ್ ಇದೆ ಸಾರ್, ಒಂದೇ ಪ್ರಾಬ್ಲಂ" ಎನ್ನುತ್ತಿದ್ದ. "ಹುಳದ ಗೂಡು ಅಂತ ಮೊದಲ್ನೇ ರಿಪೋರ್ಟ್ ಇದೆ ನೋಡಿ, ಅದೊಂದೇ ಇದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಮೆಕ್ಯಾನಿಕ್ ತಪ್ಪು, ಎಲ್ಲಾ ಕಡೆ ಆಗತ್ತೆ. ಆದ್ರೆ ಮೇಡಂ ಲೆಟರ್ ಓದಿದ್ರೆ, ಓನರ್‌ಗಳೇ ಹಿಂಗೆ ಮಾಡಿದ್ದಾರೆ, ಇನ್ನೇನೇನು ಮಾಡಿದ್ದಾರೋ ಅಂತ ಪಾರ್ಟಿ ಹೆದರ್ತಾರೆ. ಆ ಪೇಪರ್ ಫೈಲಿಂದ ತೆಗೆದಿಟ್ಬಿಡಿ. ಹತ್ತು ಲಕ್ಷ ಜಾಸ್ತಿ ಕೊಡಿಸ್ತೀನಿ."

"ಆನಂದರಾಜು ಅವರ ಹೆಸರು?" ಎಂದರು ಇವರು.

"ಅವರು ರಿಟೈರ್ ಆಗಿದ್ದಾರಲ್ಲ ಸಾರ್, ಅವರಿಗೇನು ಲಾಸು?"

ಇವರು ನನ್ನ ಮುಖ ನೋಡಿದರು. ಹತ್ತು ಲಕ್ಷ ಎಂದರೆ ನನಗೆ ಎಷ್ಟು ಎಂದು ಇವರಿಗೆ ಗೊತ್ತು. ನಾನು ಕೈಚೀಲ ಕೆಳಗಿಟ್ಟು, ಫೈಲಿನಿಂದ ಅರ್ಧ ಹೊರಗೆ ಎಳೆದಿದ್ದ ನನ್ನ ಕಾಗದವನ್ನು ಒಳಗೆ ತಳ್ಳಿ, ದಾರ ಕಟ್ಟಿದೆ.

"ಇದರ ಸಮೇತ ತಗೊಳ್ಳೋರಿದ್ರೆ ಕರ್ಕೊಂಡು ಬನ್ನಿ."

"ಮೇಡಂ, ಮುಂದೆ ಯಾರ್ಯಾರೋ ಓದ್ತಾರೆ. ನಿಮ್ಗೇ ನಾಚಿಕೆ ಅಲ್ವಾ?"

"ನಾಚಿಕೆನೇ" ಎಂದೆ. "ಆದ್ರೆ ನಂದು. ನನ್ನ ಹೆಸರಲ್ಲೇ ಇರ್ಲಿ."

ದಲ್ಲಾಳಿ ಕಾಫಿ ಮುಗಿಸದೆ ಎದ್ದು ಹೋದ. ಇವರು ಫೋನು ತೆಗೆದು ಶೆಡ್ಡಿನ ಮುಂದಿನ ತಿಂಗಳ ಬಾಡಿಗೆ ಕಟ್ಟಿದರು.